ವೈದ್ಯನ ಹೆಸರಿಗೆ ಅಂಟಿದ ಅಲಗು

ಮುಂಗಡಪತ್ರದ ಅಧಿವೇಶನ ಮುಗಿಯುವ ಹೊತ್ತಿಗೆ ವೃತ್ತಪತ್ರಿಕೆಯನ್ನು ಬಿಡಿಸಿದ ಗೃಹಸ್ಥನ ಕಣ್ಣಿಗೆ ಒಂದು ಸುದ್ದಿ ಬೀಳುವುದುಂಟು: ಲೋಕಸಭೆಯಲ್ಲಿ ಉಳಿದ ಬೇಡಿಕೆಗಳೆಲ್ಲವೂ ‘ಗಿಲೊಟಿನ್’ಗೆ ಒಳಗಾದವು! ಶಾಲೆಯಲ್ಲಿ ಇತಿಹಾಸ ಓದಿದವನಿಗೆ ಈ ಮಾತು ಕೇಳಿದೊಡನೆ ನೆನಪಾಗುವುದು ಪ್ಯಾರಿಸ್ ನಗರದ ಚೌಕ, ಎರಡು ಕಂಬಗಳ ನಡುವೆ ಜಾರಿ ಬೀಳುವ ಅಲಗು, ರಾಜರಾಣಿಯರ ತಲೆ. ಹರಪನಹಳ್ಳಿಯಂತಹ ತಾಲ್ಲೂಕು ಊರಿನಲ್ಲಿ ಮುದ್ರಣಾಲಯ ನಡೆಸುವವನಿಗೆ ಅದೇ ಮಾತು ಯಂತ್ರದ ಪಟ್ಟಿಯಲ್ಲಿ ಕಾಣಸಿಗುತ್ತದೆ; ಮದುವೆಯ ಕರೆಯೋಲೆ, ಜಾತ್ರೆಯ ಭಿತ್ತಿಪತ್ರ, ರಸೀದಿ ಪುಸ್ತಕಗಳ ಅಂಚನ್ನು ನೇರವಾಗಿ ಕೊಯ್ಯುವ ಯಂತ್ರ ಅದು. ಒಂದೇ ಶಬ್ದ ವಧಾಸ್ಥಾನದಲ್ಲಿಯೂ ಉಂಟು, ಅಚ್ಚುಕೂಟದಲ್ಲಿಯೂ ಉಂಟು, ಪ್ರಜಾಪ್ರತಿನಿಧಿಗಳ ಸಭೆಯಲ್ಲಿಯೂ ಉಂಟು.

ಮೂರು ಕಡೆಯ ಅರ್ಥಗಳಿಗೂ ಸಮಾನವಾದುದು ಒಂದೇ ಏಟಿನ ಕೊಯ್ತವೆಂದು ಯಾರಾದರೂ ಹೇಳಬಹುದು. ಆದರೆ ಶಬ್ದದ ಹುಟ್ಟನ್ನು ಕೆದಕಿ ನೋಡಿದರೆ ಇನ್ನೊಂದು ಅಂಶವೂ ಹೊರಬರುತ್ತದೆ. ಈ ಶಬ್ದ ಹುಟ್ಟಿದ್ದು ಕ್ರೌರ್ಯದಿಂದಲ್ಲ, ಕರುಣೆಯಿಂದ. ಕೊಯ್ದರೂ ನೋವಾಗಬಾರದು ಎಂಬುದೇ ಅದರ ಮೂಲ ಉದ್ದೇಶ.

ಜೋಸೆಫ್ ಇಗ್ನಾಸ್ ಗಿಯೊಟಾನ್ ಎಂಬ ವೈದ್ಯನು 1738ರ ಮೇ 28ರಂದು ಫ್ರಾನ್ಸ್ ದೇಶದ ಸಾಂತ್ ಎಂಬ ಊರಿನಲ್ಲಿ ಜನಿಸಿದನು. ಪ್ಯಾರಿಸ್ಸಿನಲ್ಲಿ ವೈದ್ಯನಾಗಿ ಹೆಸರು ಗಳಿಸಿದನು. 1784ರಲ್ಲಿ ಮೆಸ್ಮರ್ ಎಂಬಾತನ ಸಮ್ಮೋಹನ ಚಿಕಿತ್ಸೆಯ ನಿಜಾನಿಜವನ್ನು ಪರೀಕ್ಷಿಸಲು ಅರಸನು ನೇಮಿಸಿದ ಸಮಿತಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಇವರೊಡನೆ ಈತನೂ ಇದ್ದನು. ಮುಂದೆ ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿ ದುಡಿದನು. ಜನರ ಪ್ರಾಣ ಉಳಿಸುವುದೇ ಕಸುಬಾಗಿದ್ದ ಈ ಸಾಧುಮನುಷ್ಯನು 1789ರಲ್ಲಿ ಪ್ಯಾರಿಸ್ ನಗರದ ಪ್ರತಿನಿಧಿಯಾಗಿ ರಾಷ್ಟ್ರೀಯ ಸಭೆಯಲ್ಲಿ ಕುಳಿತಾಗ ಅವನ ಹೆಸರಿಗೆ ಗ್ರಹಚಾರ ಅಂಟಿಕೊಂಡಿತು.

ಆಗಿನ ಫ್ರಾನ್ಸಿನಲ್ಲಿ ಸಾವಿನಲ್ಲಿಯೂ ಮೇಲುಕೀಳು ಇದ್ದಿತು. ಮರಣದಂಡನೆಗೆ ಗುರಿಯಾದ ಶ್ರೀಮಂತನಿಗೆ ಕತ್ತಿಯಿಂದ ಶಿರಚ್ಛೇದ, ಬಡವನಿಗೆ ನೇಣು. ಇನ್ನು ಕೆಲವರನ್ನು ಗಾಲಿಗೆ ಕಟ್ಟಿ ಎಲುಬು ಮುರಿದು ಕೊಲ್ಲುವ ಪದ್ಧತಿಯೂ ಇದ್ದಿತು. ಗಿಯೊಟಾನನು ಮರಣದಂಡನೆಯನ್ನೇ ಇಷ್ಟಪಡದವನು. ಅದು ಇರಲೇಬೇಕಾದರೆ ಎಲ್ಲರಿಗೂ ಒಂದೇ ಬಗೆಯಾಗಿರಲಿ, ಕೈ ನಡುಗುವ ಕಟುಕನ ಬದಲು ಯಂತ್ರವೊಂದು ಕ್ಷಣದಲ್ಲಿ ಕೆಲಸ ಮುಗಿಸಲಿ ಎಂಬುದು ಅವನ ವಾದ. 1789ರ ಅಕ್ಟೋಬರ್ 10ರಂದು ಅವನು ಸಭೆಯ ಮುಂದಿಟ್ಟ ಸೂಚನೆಗಳಲ್ಲಿ ಮತ್ತೊಂದು ಮಾತೂ ಇದ್ದಿತು: ಅಪರಾಧ ಮಾಡಿದವನದೇ ಅಪರಾಧ, ಅದಕ್ಕಾಗಿ ಅವನ ಮನೆತನಕ್ಕೆ ಕಳಂಕ ತಟ್ಟಬಾರದು, ಅವರನ್ನು ಯಾರೂ ಮೂದಲಿಸಬಾರದು.

ಅದೇ ಡಿಸೆಂಬರ್ 1ರಂದು ಅವನು ಮತ್ತೆ ಮಾತನಾಡಿದನು. ತನ್ನ ಯಂತ್ರದಿಂದ ತಲೆ ಹಾರಿಹೋದರೂ ಹಾರಿದ್ದು ತಿಳಿಯುವುದಿಲ್ಲವೆಂಬ ಅರ್ಥದ ಮಾತು ಅವನ ಬಾಯಿಂದ ಬಂದುದೇ ತಡ, ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ರಾಜಪಕ್ಷದ ಪತ್ರಿಕೆಯೊಂದು ಈ ಪ್ರಸಂಗವನ್ನು ಹಾಡುಕಟ್ಟಿ ಹಾಸ್ಯ ಮಾಡಿತು. ಯಂತ್ರಕ್ಕೆ ಗಿಯೊಟಾನನ ಹೆಸರನ್ನೇ ಇಟ್ಟು, ಫ್ರೆಂಚ್ ಭಾಷೆಯ ಸ್ತ್ರೀಲಿಂಗದ ಪ್ರತ್ಯಯವನ್ನು ಕೊನೆಗೆ ಸೇರಿಸಿ ‘ಗಿಯೊಟೀನ್’ ಎಂದು ಕರೆಯಿತು. ಯಂತ್ರವೇ ಇನ್ನೂ ಹುಟ್ಟಿರಲಿಲ್ಲ. ನಾಮಕರಣ ಮೊದಲೇ ಆಯಿತು! ಇಂಗ್ಲಿಷರ ನಾಲಗೆಯಲ್ಲಿ ಹೊರಳಿ ಬಂದ ಅದೇ ಶಬ್ದ ಕನ್ನಡದಲ್ಲಿ ‘ಗಿಲೊಟಿನ್’ ಆಗಿದೆ.

ಯಂತ್ರವನ್ನು ಮಾಡಿದವನು ಗಿಯೊಟಾನನಲ್ಲ. ಅದರ ನಕ್ಷೆಯನ್ನು ಸಿದ್ಧಪಡಿಸಿದವನು ಶಸ್ತ್ರವೈದ್ಯ ಪರಿಷತ್ತಿನ ಕಾರ್ಯದರ್ಶಿ ಆಂತ್ವಾನ್ ಲೂಯಿ. ಮರಗೆಲಸ ಮಾಡಿದವನು ಟೋಬಿಯಾಸ್ ಷ್ಮಿಟ್ ಎಂಬಾತ. ಅವನ ನಿತ್ಯದ ಕಸುಬು ಹಾರ್ಪ್ಸಿಕಾರ್ಡ್ ಎಂಬ ಸಂಗೀತವಾದ್ಯವನ್ನು ತಯಾರಿಸುವುದು. ತಂತಿ ಬಿಗಿದು ಶ್ರುತಿ ಸೇರಿಸುತ್ತಿದ್ದ ಕೈಗಳೇ ಅಲಗು ಜಾರುವ ಕಂಬಗಳನ್ನು ಕೆತ್ತಿದವು. ಮೊದಲು ಶವಗಳ ಮೇಲೆ ಪರೀಕ್ಷೆ ನಡೆಯಿತು. 1792ರ ಏಪ್ರಿಲ್ 25ರಂದು ಪೆಲ್ಟಿಯೆ ಎಂಬ ದಾರಿಗಳ್ಳನು ಅದಕ್ಕೆ ಮೊದಲ ಬಲಿಯಾದನು. ಲೂಯಿಯ ಹೆಸರಿನಿಂದ ಅದನ್ನು ‘ಲೂಯಿಸೆತ್’ ಎಂದು ಕರೆಯುವ ಪ್ರಯತ್ನವೂ ನಡೆದಿತ್ತು. ಆದರೆ ಹಾಡಿನಲ್ಲಿ ಹುಟ್ಟಿದ ಹೆಸರನ್ನು ಅಳಿಸುವುದು ಯಾರಿಂದ ಸಾಧ್ಯ? ನಕ್ಷೆ ಬರೆದವನು ಪಾರಾದನು. ಕರುಣೆ ತೋರಿದವನು ಸಿಕ್ಕಿಕೊಂಡನು.

ಇನ್ನು ಚರಿತ್ರೆಯ ಅಣಕವನ್ನು ನೋಡಿರಿ. ಶಿಕ್ಷೆಯಲ್ಲಿ ಸಮಾನತೆ ಇರಬೇಕು, ಮನೆತನಕ್ಕೆ ಕಳಂಕ ತಟ್ಟಬಾರದು ಎಂಬ ತತ್ತ್ವಗಳನ್ನು ಸಭೆ ಒಪ್ಪಿದ್ದು 1790ರ ಜನವರಿ 21ರಂದು. ಸರಿಯಾಗಿ ಮೂರು ವರ್ಷಗಳ ಮೇಲೆ, 1793ರ ಜನವರಿ 21ರಂದು, ಹದಿನಾರನೆಯ ಲೂಯಿ ದೊರೆಯ ತಲೆ ಅದೇ ಯಂತ್ರದಲ್ಲಿ ಉರುಳಿತು. ದಾರಿಗಳ್ಳನಿಗೂ ದೊರೆಗೂ ಒಂದೇ ಅಲಗು; ವೈದ್ಯನು ಕೇಳಿದ ಸಮಾನತೆ ಅಕ್ಷರಶಃ ನೆರವೇರಿತು. ಆದರೆ ಅಪರಾಧಿಯ ಮನೆತನಕ್ಕೆ ಕಳಂಕ ಬರಬಾರದೆಂದು ವಾದಿಸಿದವನ ಮನೆತನದ ಹೆಸರೇ ಜಗತ್ತಿನ ಭಾಷೆಗಳಲ್ಲೆಲ್ಲ ಕೊಲೆಯಂತ್ರದ ಹೆಸರಾಗಿ ನಿಂತಿತು.

ಅದೇ ವರ್ಷದ ಅಕ್ಟೋಬರ್ 16ರಂದು ರಾಣಿ ಮರೀ ಆಂತ್ವಾನೆತ್ತಳ ಸರದಿ ಬಂದಿತು. ಸಮ್ಮೋಹನದ ಸಮಿತಿಯಲ್ಲಿ ಗಿಯೊಟಾನನ ಜೊತೆ ಕುಳಿತಿದ್ದ ಲವಾಸಿಯೆ 1794ರ ಮೇ 8ರಂದು ಬಲಿಯಾದನು. ಇತರರನ್ನು ಅಲ್ಲಿಗೆ ಅಟ್ಟಿದ ರಾಬ್‌ಸ್ಪಿಯರನು ಜುಲೈ 28ರಂದು ತಾನೂ ಅದೇ ಹಲಗೆಯ ಮೇಲೆ ಮಲಗಿದನು. ಆ ಭೀಕರ ಶಾಸನದ ಕಾಲದಲ್ಲಿ ಫ್ರಾನ್ಸಿನಾದ್ಯಂತ ಸುಮಾರು 17 ಸಾವಿರ ಮಂದಿ ನ್ಯಾಯಾಲಯಗಳ ತೀರ್ಪಿನಿಂದ ಮರಣದಂಡನೆಗೆ ಗುರಿಯಾದರು. ಕೈ ನೋಯದ ಯಂತ್ರ ದೊರೆತಾಗ ಕೊಲ್ಲುವುದು ಎಷ್ಟು ಸುಲಭವಾಗಬಲ್ಲುದೆಂಬುದನ್ನು ಜಗತ್ತು ಕಂಡಿತು. ಗಿಯೊಟಾನನೂ ತನ್ನ ಯಂತ್ರಕ್ಕೇ ತಲೆಕೊಟ್ಟನೆಂಬ ದಂತಕಥೆ ಇಂದಿಗೂ ಪ್ರಚಾರದಲ್ಲಿದೆ, ಅದು ನಿಜವಲ್ಲ. ಅವನು 1814ರ ಮಾರ್ಚ್ 26ರಂದು ರೋಗದಿಂದ ತೀರಿಕೊಂಡನು. ಫ್ರಾನ್ಸಿನಲ್ಲಿ ಈ ಯಂತ್ರ ಕಡೆಯ ಬಾರಿ ಬಳಕೆಯಾದುದು 1977ರ ಸೆಪ್ಟೆಂಬರ್ 10ರಂದು, ಮಾರ್ಸೇಲ್ಸ್ ನಗರದ ಸೆರೆಮನೆಯಲ್ಲಿ. 1981ರಲ್ಲಿ ಮರಣದಂಡನೆಯೇ ಅಲ್ಲಿ ರದ್ದಾಯಿತು.

ತಲೆ ಕೊಯ್ಯುವುದಕ್ಕೆ ಒಂದು ಸಾಧನವನ್ನು ಕಟ್ಟುವ ಯೋಚನೆ ಫ್ರೆಂಚರಿಗೇ ಮೊದಲು ಹೊಳೆದುದಲ್ಲ. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಇದೇ ಮಾದರಿಯ ಯಂತ್ರಗಳು ಹಿಂದೆಯೇ ಇದ್ದವು. ಕನ್ನಡನಾಡಿನ ಮಧ್ಯಯುಗದಲ್ಲಿಯೂ ‘ಸಿಡಿತಲೆ’ ಎಂಬ ಆಚರಣೆ ಇದ್ದಿತು. ಭಕ್ತನಾಗಲಿ, ಒಡೆಯನಿಗಾಗಿ ಹರಕೆ ಹೊತ್ತ ವೀರನಾಗಲಿ ನೆಟ್ಟನೆ ಕುಳಿತುಕೊಳ್ಳುವನು. ನೆಲಕ್ಕೆ ನೆಟ್ಟ ಗಳುವನ್ನು ಬಗ್ಗಿಸಿ ಅದರ ತುದಿಗೆ ಅವನ ಮುಡಿಯನ್ನು ಕಟ್ಟುವರು. ಕತ್ತಿ ಬೀಸಿದೊಡನೆ ಗಳು ಚಿಮ್ಮಿ ತಲೆಯನ್ನು ಮೇಲಕ್ಕೆ ಒಯ್ಯುವುದು. ಈ ದೃಶ್ಯವನ್ನು ಕೆತ್ತಿದ ಸ್ಮಾರಕ ಶಿಲೆಗಳು ಕರ್ನಾಟಕದಲ್ಲಿ ದೊರೆತಿವೆ. ‘ಸಿಡಿ’ ಎಂದರೆ ಚಿಮ್ಮು ಎಂದರ್ಥ. ಹರಪನಹಳ್ಳಿ ಬಹುಕಾಲ ಸೇರಿದ್ದ ಬಳ್ಳಾರಿ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. ಬಳ್ಳಾರಿ ನಗರದ ಕನಕದುರ್ಗಮ್ಮನ ಸಿಡಿಬಂಡಿ ಉತ್ಸವ ಇಂದಿಗೂ ಪ್ರಸಿದ್ಧ. ಅಲ್ಲಿ ತಲೆ ಹಾರುವುದಿಲ್ಲ, ಶಬ್ದ ಮಾತ್ರ ಉಳಿದಿದೆ.

ಕನ್ನಡದ ಇನ್ನೊಂದು ಮಾತು ‘ತಲೆದಂಡ’. ತಲೆಯನ್ನೇ ದಂಡವಾಗಿ ತೆರುವುದು ಅದರ ಅರ್ಥ. ಗಿರೀಶ ಕಾರ್ನಾಡರು ಹನ್ನೆರಡನೆಯ ಶತಮಾನದ ಕಲ್ಯಾಣದ ದುರಂತವನ್ನು ಕುರಿತು 1990ರಲ್ಲಿ ಪ್ರಕಟಿಸಿದ ನಾಟಕದ ಹೆಸರೂ ಇದೇ. ಇಂದಿನ ಪತ್ರಿಕಾಭಾಷೆಯಲ್ಲಿ ಮಂತ್ರಿಯೋ ಅಧಿಕಾರಿಯೋ ಹುದ್ದೆ ಕಳೆದುಕೊಂಡರೆ ‘ತಲೆದಂಡ’ವಾಯಿತೆನ್ನುತ್ತಾರೆ, ರಕ್ತವಿಲ್ಲ, ಕುರ್ಚಿ ಮಾತ್ರ ಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಸಿಡಿತಲೆ, ತಲೆದಂಡ ಎಂಬ ಕನ್ನಡದ ಎರಡು ಮಾತುಗಳಲ್ಲಿಯೂ ತಲೆ ಎದ್ದು ಕಾಣುತ್ತದೆ. ಹೋದದ್ದು ಏನೆಂಬುದನ್ನು ಶಬ್ದವೇ ಸಾರುತ್ತದೆ. ಗಿಲೊಟಿನ್ ಎಂಬುದರಲ್ಲಿ ತಲೆಯೂ ಇಲ್ಲ, ಕತ್ತಿಯೂ ಇಲ್ಲ, ಕೊಯ್ದ ಕೈಯೂ ಇಲ್ಲ. ಅಲ್ಲಿರುವುದು ಯಂತ್ರ ಮಾತ್ರ. ಈ ಶಬ್ದ ನಯವಾದ ಸ್ಥಳಗಳಿಗೂ ಸುಲಭವಾಗಿ ನುಗ್ಗಿದ್ದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಅಚ್ಚುಕೂಟಕ್ಕೆ ಅದು ನುಗ್ಗಿದ ಕಥೆ ನಿರಪಾಯವಾದುದು. 1844ರಲ್ಲಿ ಗಿಯೋಮ್ ಮಾಸಿಕೋ ಎಂಬ ಫ್ರೆಂಚ್ ಯಂತ್ರಕಾರನು ಕಾಗದದ ದಪ್ಪ ಕಟ್ಟನ್ನು ಒಂದೇ ಇಳಿತದಲ್ಲಿ ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಫ್ರೆಂಚರು ಅದನ್ನು ನಿರ್ಮಾಪಕನ ಹೆಸರಿನಿಂದಲೇ ‘ಮಾಸಿಕೋ’ ಎಂದು ಕರೆದರು. ಇಂಗ್ಲಿಷರು ಬೀಳುವ ಅಲಗನ್ನು ಕಂಡು ‘ಗಿಲೊಟಿನ್’ ಎಂದರು. 1844 ಎಂಬ ವರ್ಷ ಕನ್ನಡ ಮುದ್ರಣಕ್ಕೂ ನೆನಪಿಡತಕ್ಕದ್ದು. ಹರ್ಮನ್ ಮೋಗ್ಲಿಂಗ್ ಹಿಂದಿನ ವರ್ಷ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಆರಂಭಿಸಿದ್ದ ‘ಮಂಗಳೂರ ಸಮಾಚಾರ’ ಪತ್ರಿಕೆ ಆ ವರ್ಷ ಬಳ್ಳಾರಿಗೆ ಬಂದು, ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಹೊರಬಂದಿತು. ಅಂದಿನಿಂದ ಇಂದಿನವರೆಗೆ ಕನ್ನಡ ಪುಸ್ತಕದ ಹಾಳೆಗಳ ಅಂಚು ಸಮವಾಗಬೇಕಾದರೆ ಯಾವುದಾದರೊಂದು ಅಲಗಿನ ಕೆಳಗೆ ಹಾಯಲೇಬೇಕು. ಲೋಹದ ತಗಡನ್ನು ಕತ್ತರಿಸುವ ದೊಡ್ಡ ಯಂತ್ರಕ್ಕೂ ಇದೇ ಹೆಸರು. ಗಂಟಲಿನ ಗಿಲಾಯಿಯನ್ನು, ಅಂದರೆ ಟಾನ್ಸಿಲನ್ನು, ಕೊಯ್ದು ತೆಗೆಯಲು ವೈದ್ಯರು ಹಿಂದೆ ಬಳಸುತ್ತಿದ್ದ ಉಪಕರಣವೂ ಗಿಲೊಟಿನ್ನೇ. ವೈದ್ಯನ ಹೆಸರು ಸುತ್ತಿ ಸುತ್ತಿ ವೈದ್ಯರ ಕೈಗೇ ಮರಳಿತು!

ಇನ್ನು ಸಭೆಗೆ ಬರೋಣ. 1881ರ ಜನವರಿ 31ರಂದು ಸೇರಿದ ಬ್ರಿಟಿಷ್ ಪಾರ್ಲಿಮೆಂಟು ಎಡೆಬಿಡದೆ 41 ಗಂಟೆಗಳ ಕಾಲ ಕುಳಿತಿತು. ಐರ್ಲೆಂಡಿನ ಪ್ರತಿನಿಧಿಗಳು ತಮ್ಮ ದೇಶವನ್ನು ಅದುಮುವ ಮಸೂದೆಯನ್ನು ತಡೆಯಲು ಮಾತಿನ ಮೇಲೆ ಮಾತು ಬೆಳೆಸಿದರು. ಕಡೆಗೆ ಫೆಬ್ರವರಿ 2ರ ಬೆಳಿಗ್ಗೆ ಸಭಾಧ್ಯಕ್ಷನು ತಾನಾಗಿಯೇ ಚರ್ಚೆಯನ್ನು ಮೊಟಕುಗೊಳಿಸಿದನು. 1887ರಲ್ಲಿ ಐರ್ಲೆಂಡಿನದೇ ಇನ್ನೊಂದು ಮಸೂದೆಯ ಸಂದರ್ಭದಲ್ಲಿ ಇಂತಹ ದಿನ, ಇಂತಹ ಗಂಟೆಗೆ ಚರ್ಚೆ ಮುಗಿಯತಕ್ಕದ್ದು, ಮುಗಿಯದಿದ್ದರೂ ಮತಕ್ಕೆ ಹಾಕತಕ್ಕದ್ದು ಎಂದು ಮೊದಲೇ ಗೊತ್ತುಪಡಿಸುವ ಪದ್ಧತಿ ಬಂದಿತು. ಇದಕ್ಕೆ ‘ಗಿಲೊಟಿನ್’ ಎಂಬ ಹೆಸರು ಅಂಟಿತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಮಾತಿಗೆ ಕತ್ತರಿ ಬಿದ್ದ ಅದೇ 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತೆಂಬುದು ವಿಚಿತ್ರವಾದ ಕಾಕತಾಳೀಯ. ಆ ಸಭೆಗೆ ಮತ ಹಾಕುವ ಅಧಿಕಾರವಿರಲಿಲ್ಲ. ಅಹವಾಲು ಹೇಳಿಕೊಳ್ಳುವ ಅವಕಾಶವಿದ್ದಿತು. ಒಂದು ಕಡೆ ಮತವಿದ್ದೂ ಮಾತು ಮೊಟಕಾಯಿತು. ಇನ್ನೊಂದು ಕಡೆ ಮತವಿಲ್ಲದಿದ್ದರೂ ಮಾತು ಆರಂಭವಾಯಿತು.

ಸ್ವತಂತ್ರ ಭಾರತದ ಪ್ರಜೆಗೆ ಎರಡೂ ದೊರೆತಿವೆ. ಸಂವಿಧಾನದ 113ನೆಯ ವಿಧಿಯ ಪ್ರಕಾರ ಕೇಂದ್ರದ ಖರ್ಚಿನ ಅಂದಾಜುಗಳು ಅನುದಾನದ ಬೇಡಿಕೆಗಳ ರೂಪದಲ್ಲಿ ಲೋಕಸಭೆಯ ಮುಂದೆ ಬರಬೇಕು; 203ನೆಯ ವಿಧಿಯ ಪ್ರಕಾರ ರಾಜ್ಯದವು ವಿಧಾನಸಭೆಯ ಮುಂದೆ. ಒಂದೊಂದು ಇಲಾಖೆಗೂ ಬೇಡಿಕೆಯುಂಟು. ಅದನ್ನು ಚರ್ಚಿಸಿ ಮತ ನೀಡಬೇಕು. ಆದರೆ ದಿನಗಳು ಪರಿಮಿತ, ಇಲಾಖೆಗಳು ಅನೇಕ. ಗೊತ್ತಾದ ಕೊನೆಯ ದಿನ, ಗೊತ್ತಾದ ಗಂಟೆ ಬಂದೊಡನೆ ಚರ್ಚೆಯಾಗದೆ ಉಳಿದ ಬೇಡಿಕೆಗಳೆಲ್ಲವನ್ನೂ ಸಭಾಧ್ಯಕ್ಷರು ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಲೋಕಸಭೆಯ 208ನೆಯ ನಿಯಮ ಇದಕ್ಕೆ ಎಡೆಕೊಡುತ್ತದೆ. ರಾಜ್ಯಗಳ ವಿಧಾನಸಭೆಗಳಲ್ಲಿಯೂ ಇಂತಹದೇ ಪದ್ಧತಿಯುಂಟು. ಇದೇ ಪತ್ರಿಕೆಗಳು ಹೇಳುವ ಗಿಲೊಟಿನ್.

ಇದರಿಂದ ನಷ್ಟವಾಗುವುದು ಏನು? ಬೇಡಿಕೆಯ ಮೇಲೆ ಸದಸ್ಯನೊಬ್ಬನು ‘ಕಡಿತ ಸೂಚನೆ’ ಕೊಡಬಹುದು. ಅದರಲ್ಲಿ ಮೂರು ಬಗೆ. ನೀತಿಯನ್ನೇ ಒಪ್ಪದಿದ್ದರೆ ಬೇಡಿಕೆಯನ್ನು 1 ರೂಪಾಯಿಗೆ ಇಳಿಸಬೇಕೆನ್ನುವುದು. ಮಿತವ್ಯಯಕ್ಕಾಗಿ ಇಷ್ಟು ಹಣ ಕಡಿಮೆ ಮಾಡಬೇಕೆನ್ನುವುದು. ಮೂರನೆಯದು ಕೇವಲ 100 ರೂಪಾಯಿ ಕಡಿಮೆ ಮಾಡಬೇಕೆನ್ನುವುದು. ಕೋಟ್ಯಂತರ ರೂಪಾಯಿಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿದರೆ ಯಾರಿಗೆ ಏನು ಉಳಿತಾಯ? ಉದ್ದೇಶ ಉಳಿತಾಯವಲ್ಲ. ಒಂದು ನಿರ್ದಿಷ್ಟ ಕುಂದುಕೊರತೆಯನ್ನು ಸಭೆಯ ಕಿವಿಗೆ ಹಾಕಲು ಅದೊಂದು ನೆಪ. ನಿಂತುಹೋದ ರಸ್ತೆ, ಬತ್ತಿದ ಕೆರೆ, ಬಾರದ ರೈಲು—ಯಾವುದೋ ಊರಿನ ಸಂಕಟ ಆ ನೂರು ರೂಪಾಯಿಯ ಬಾಗಿಲಿನಿಂದ ಸಭೆಯೊಳಗೆ ಬರುತ್ತದೆ. ಗಿಲೊಟಿನ್ ಬಿದ್ದಾಗ ಆ ಬಾಗಿಲೂ ಮುಚ್ಚುತ್ತದೆ. ಚರ್ಚೆಗೆ ಬಾರದ ಬೇಡಿಕೆಯ ಮೇಲೆ ಕುಂದುಕೊರತೆಗೂ ಚರ್ಚೆಯಿಲ್ಲ. ದೊಡ್ಡ ಅಲಗು ಬಿದ್ದು ಚಿಕ್ಕ ಕತ್ತರಿಯನ್ನೇ ತುಂಡುಮಾಡುತ್ತದೆ.

ಅಲಗಿನ ಕೆಳಗೆ ಕೆಲವು ಬೇಡಿಕೆಗಳು ಸಿಕ್ಕುವುದು ವಾಡಿಕೆ; ಎಲ್ಲವೂ ಸಿಕ್ಕಿಬಿದ್ದ ವರ್ಷಗಳೂ ಉಂಟು. 2018ರ ಮಾರ್ಚ್ 14ರಂದು ಗದ್ದಲದ ನಡುವೆ ಎಲ್ಲ ಬೇಡಿಕೆಗಳೂ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದವು. 2023ರ ಮಾರ್ಚ್ 23ರಂದು ಸುಮಾರು 45 ಲಕ್ಷ ಕೋಟಿ ರೂಪಾಯಿಯ ಮುಂಗಡಪತ್ರದ ಬೇಡಿಕೆಗಳಿಗೂ ಇದೇ ಗತಿಯಾಯಿತು. 2004ರಲ್ಲಿ, 2013ರಲ್ಲಿ ಬೇರೆ ಪಕ್ಷಗಳು ಅಧಿಕಾರದಲ್ಲಿದ್ದಾಗಲೂ ಹೀಗೆಯೇ ಆಗಿತ್ತು. ಆದುದರಿಂದ ಇದು ಒಂದು ಪಕ್ಷದ ದೋಷವಲ್ಲ. ಪದ್ಧತಿಯನ್ನು ಸಮರ್ಥಿಸುವವರ ಮಾತಿನಲ್ಲಿಯೂ ಹುರುಳುಂಟು: ಹೊಸ ಆರ್ಥಿಕ ವರ್ಷಕ್ಕೆ ಹಣ ಮಂಜೂರಾಗದಿದ್ದರೆ ಸಂಬಳವಿಲ್ಲ, ಆಸ್ಪತ್ರೆಗೆ ಔಷಧಿಯಿಲ್ಲ, ಚರ್ಚೆಗೆ ಎಲ್ಲಿಯಾದರೂ ಎಲ್ಲೆ ಬೇಕು. 1993ರಿಂದ ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯೀ ಸಮಿತಿಗಳು ಬೇಡಿಕೆಗಳನ್ನು ಪರಿಶೀಲಿಸುತ್ತಿವೆಯೆಂಬುದೂ ನಿಜ. ಆದರೆ ಸಮಿತಿಯ ಕೊಠಡಿಯ ಮಾತು ಬೇರೆ, ಜನರೆಲ್ಲ ಕೇಳುವಂತೆ ಸಭೆಯಲ್ಲಿ ಆಡುವ ಮಾತು ಬೇರೆ.

ಮಾತಿಗೆ ಎಷ್ಟು ಬೆಲೆಯುಂಟೆಂಬುದನ್ನು ಹರಪನಹಳ್ಳಿ ತಾಲ್ಲೂಕಿನ ಚರಿತ್ರೆಯೇ ಹೇಳೀತು. ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿಯಾಗಿದ್ದ ಈ ಊರು 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ಸೀಮೆಯೊಡನೆ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳೊಡನೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಹಿಂದುಳಿದ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಅದರ ಒಳಗೆ, ಹರಪನಹಳ್ಳಿ ಹೊರಗೆ! ನಕ್ಷೆಯ ಮೇಲೆ ಎಳೆದ ಗೆರೆಗೆ ನೋವಿಲ್ಲ. ಓದಿದ ಹುಡುಗನ ಕಾಲೇಜು ಸೀಟಿಗೆ, ನೌಕರಿಗೆ ಅದರ ನೋವು ತಟ್ಟುತ್ತದೆ. ತಾಲ್ಲೂಕಿನವರು ಕೇಳುತ್ತಲೇ ಇದ್ದರು. 2018ರಲ್ಲಿ ರಾಜ್ಯ ಸರ್ಕಾರ ಅದನ್ನು ಬಳ್ಳಾರಿಗೆ ಮರಳಿಸಲು ತೀರ್ಮಾನಿಸಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹೊಸಪೇಟೆಗಳೊಡನೆ ಅದು ಹೊಸ ವಿಜಯನಗರ ಜಿಲ್ಲೆಯ ತಾಲ್ಲೂಕಾಯಿತು. ಕತ್ತರಿಸಿದ್ದು ಮತ್ತೆ ಕೂಡಿದುದಕ್ಕೆ ಕಾರಣ ಆ ಊರಿನ ಮಾತು ನಡುವೆ ನಿಲ್ಲದಿದ್ದುದು.

ಪ್ಯಾರಿಸ್ಸಿನ ಕಟುಕನು ಹಗ್ಗವನ್ನು ಬಿಟ್ಟನು, ಅಷ್ಟೆ, ಕೊಯ್ದದ್ದು ಯಂತ್ರ. ಸಭಾಧ್ಯಕ್ಷರು ಪ್ರಶ್ನೆಯನ್ನು ಓದುತ್ತಾರೆ, ಅಷ್ಟೆ, ಮುಗಿಸಿದ್ದು ಗಡಿಯಾರ. ಎರಡೆಡೆಯಲ್ಲಿಯೂ ಯಾರ ಕೈಗೂ ನೆತ್ತರು ಅಂಟುವುದಿಲ್ಲ. ವೈದ್ಯ ಗಿಯೊಟಾನನು ಬಯಸಿದ ನೋವಿಲ್ಲದ ಕೊಯ್ತ ಇದೇ. ಸಾಯುವವನ ಮಟ್ಟಿಗೆ ಅದು ಕರುಣೆಯಾಗಿದ್ದಿರಬಹುದು. ಬದುಕಿರುವ ಪ್ರಜೆಯ ಮಟ್ಟಿಗೆ ಹಾಗಲ್ಲ. ಪ್ರಜಾಪ್ರಭುತ್ವದಲ್ಲಿ ನೋಯುವ ಕಡೆ ನೋವು ತಿಳಿಯಲೇಬೇಕು; ತಿಳಿದರಲ್ಲವೆ ಮದ್ದು? ಮುಂದಿನ ಸಲ ಪತ್ರಿಕೆಯ ಮೂಲೆಯಲ್ಲಿ ಈ ಶಬ್ದ ಕಂಡಾಗ ವಾಚಕರು ಅದನ್ನು ದಾಟಿ ಪುಟ ತಿರುಗಿಸದಿರಲಿ. ಹೇಳದೆ ಉಳಿದ ಆ ನೂರು ರೂಪಾಯಿಯ ಮಾತುಗಳಲ್ಲಿ ತಮ್ಮ ಊರಿನದೂ ಒಂದು ಇದ್ದೀತು.